ಬೇಯಿಸದ ಕಣ್ಣಿ

ಕಾವಲು ಶಕ ಇನ್ನೂರ ಒಂಬತ್ತು, ಹದಿನೇಳನೆಯ ಕಾಪು ಮುಗಿದ ಮೇಲಿನ ಬಿಡುವಿನ ಮೂರನೆಯ ದಿನ
ಮುದ್ದಯ್ಯನ ಕಾವಲು, ಒಳಬಾಗಿಲ ಕಟ್ಟೆ

ಹಿಂದಿನವರಿಗೆ ಚಿತ್ತಮ್ಮ ಮಾಡುವ ವಂದನೆಗಳು.

ಮೇಲೆ ಬರೆದ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ, ಹುಡುಕುತ್ತಾ ಕೂರಬೇಡಿ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ಇನ್ನೂರ ತೊಂಬತ್ತರ ಆಸುಪಾಸು ಇರಬಹುದೆಂದು ನಮ್ಮಲ್ಲಿ ಓದಿಕೊಂಡವರು ಹೇಳುತ್ತಾರೆ. ನಾವು ದಿನಗಳನ್ನು ಕಾಪಿನಲ್ಲಿ ಎಣಿಸುತ್ತೇವೆ. ಕಾಪು ಎಂದರೆ ಇಪ್ಪತ್ತೊಂದು ದಿನ. ಹೊರಗಿನಿಂದ ಬಂದ ಹಸುವನ್ನು ಮಂದೆಗೆ ಸೇರಿಸುವ ಮೊದಲು, ಗಾಳಿಯ ಕೆಳಮಗ್ಗುಲಿನ ಕೊಟ್ಟಿಗೆಯಲ್ಲಿ ಒಂಟಿಯಾಗಿ ಕಟ್ಟಿ, ಬೇನೆ ಇದೆಯೋ ಇಲ್ಲವೋ ನೋಡುವ ಅವಧಿ ಅದು. ಅದೇ ನಮ್ಮ ತಿಂಗಳೂ ಆಗಿಬಿಟ್ಟಿದೆ. ವರ್ಷಕ್ಕೆ ಹದಿನೇಳು ಕಾಪು, ಮಿಕ್ಕ ಎಂಟು ದಿನ ಬಿಡುವು. ಬಿಡುವಿನಲ್ಲಿ ಯಾವ ದನವೂ ಗಡಿ ದಾಟುವುದಿಲ್ಲ. ಕೊಟ್ಟಿಗೆಗಳಿಗೆ ಸುಣ್ಣ ಬಳಿಯುತ್ತೇವೆ, ಗೋದಲಿ ಉಜ್ಜುತ್ತೇವೆ, ಹಳಬರು ಕೆಲಸ ಬಿಟ್ಟು ಹೊಸಬರು ವಹಿಸಿಕೊಳ್ಳುತ್ತಾರೆ. ನನ್ನ ಮಾತಿನಲ್ಲಿ ಇಂಥ ಇನ್ನೂ ನಾಲ್ಕಾರು ಪದಗಳು ಬಂದಾವು. ನಿಮಗೆ ವಿಚಿತ್ರ ಎನಿಸಿದರೆ ಮನ್ನಿಸಿ. ನಿಮ್ಮ ಪದಗಳೂ ನಮಗೆ ಹಾಗೇ ಇವೆ. ದನವನ್ನು ಸಂತೆಯಲ್ಲಿ ಒಂದೇ ಕಡೆ ಸೇರಿಸಿ ಮಾರುತ್ತಿದ್ದಿರಿ ಎಂದು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಕಾವಲು ಎಂದರೆ ಬೇಲಿ ಹಾಕಿದ ನಮ್ಮ ಹುಲ್ಲುಗಾವಲು, ನಮ್ಮ ಊರೂ ಅದೇ. ನಾನು ಈ ಕಾವಲಿನ ಹೊಸ್ತಿಲಮ್ಮ. ಅಂದರೆ ಬಾಗಿಲು ಕಾಯುವವಳು. ಇಪ್ಪತ್ತೆಂಟು ವರ್ಷ ಈ ಕೆಲಸ ಮಾಡಿ ನಾಳೆ ಬಿಡುತ್ತಿದ್ದೇನೆ. ಬಿಡುವ ಹೊಸ್ತಿಲಮ್ಮ ಒಂದು ಕಾಗದ ಬರೆಯಬೇಕು, ಅದೂ ಹಿಂದಿನವರಿಗೆ ಬರೆಯಬೇಕು ಎಂಬುದು ನಮ್ಮ ಕಟ್ಟಳೆ. ಮುಂದಿನವರಿಗೆ ಬರೆದರೆ ಬುದ್ಧಿ ಹೇಳುವ ಚಟ ಹತ್ತುತ್ತದೆ, ಹಿಂದಿನವರ ಮುಂದೆ ಮಾತ್ರ ಮನುಷ್ಯ ನಿಜ ಹೇಳುತ್ತಾನೆ ಎಂದು ಮೊದಲು ಈ ಕಟ್ಟಳೆ ಮಾಡಿದವರು ನಂಬಿದ್ದರು. ಪಾಪ, ಒಳ್ಳೆಯ ಜನ. ನಾನು ಕೇಳಿದ ಕಾಗದಗಳೆಲ್ಲ ಬುದ್ಧಿವಾದವೇ. ಬರೆದದ್ದನ್ನು ಹೊಸ ಹೊಸ್ತಿಲಮ್ಮ ಎಲ್ಲರೆದುರು ಗಟ್ಟಿಯಾಗಿ ಓದಿ, ಆಮೇಲೆ ಬಾಗಿಲ ಕಲ್ಲಿನ ಕೆಳಗೆ ಹೂಳುತ್ತಾಳೆ. ನಾಳೆ ಇದನ್ನು ಓದುವವಳು ಈರಕ್ಕ. ನಾನೇ ಹದಿನಾಲ್ಕು ವರ್ಷ ತಿದ್ದಿ ತೀಡಿದ ಹೆಣ್ಣು. ಅವಳ ಗಂಟಲು ಗಟ್ಟಿಯಿದೆ, ಹೊರಬಾಗಿಲಿನಾಚೆಗೂ ಕೇಳಿಸುತ್ತದೆ. ಅದು ಕೇಳಿಸಲೇಬೇಕು.

ನಮ್ಮ ಬಾಗಿಲನ್ನು ನೀವು ಕಣ್ಣಿಗೆ ತಂದುಕೊಳ್ಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾವಲಿನ ಸುತ್ತ ಎರಡು ಬೇಲಿ. ಎರಡರ ನಡುವೆ ನೂರು ಹೆಜ್ಜೆ ಬಯಲು, ಅದಕ್ಕೆ ನೂರಡಿ ಎನ್ನುತ್ತೇವೆ; ಅಲ್ಲಿ ಒಂದು ದನವೂ ಮೇಯುವಂತಿಲ್ಲ. ಹೊರಬಾಗಿಲಿನಲ್ಲಿ ಬಂದವರು ಚಪ್ಪಲಿ ಬಿಟ್ಟು ಮದ್ದಿನ ನೀರಿನ ತೊಟ್ಟಿಯಲ್ಲಿ ಮೊಣಕಾಲುದ್ದ ನಿಲ್ಲುತ್ತಾರೆ. ಆ ನೀರನ್ನು ದಿನಕ್ಕೆ ಎರಡು ಸಲ ಚೆಲ್ಲಿ ಬದಲಿಸುವುದು ಹೊಸ್ತಿಲಮ್ಮನ ಕೆಲಸ, ಏಕೆಂದರೆ ಕೆಸರಾದ ಮದ್ದಿನ ನೀರು ಮದ್ದಲ್ಲ, ಬರೀ ಕೆಸರು. ಆಮೇಲೆ ಸ್ನಾನ. ಆಮೇಲೆ ಹೊರಮನೆಯಲ್ಲಿ ಐದು ದಿನ ವಾಸ. ಉಟ್ಟ ಬಟ್ಟೆ, ಹೊದ್ದ ಕಂಬಳಿ, ಕೈಯ ಕುಡುಗೋಲು, ತಂದದ್ದೆಲ್ಲ ದೊಡ್ಡ ಹಂಡೆಯಲ್ಲಿ ಬೇಯಬೇಕು. ಕಾಪಿನ ಕೊಟ್ಟಿಗೆಗೆ ಬೇರೆ ಬಕೆಟ್ಟು, ಬೇರೆ ಪೊರಕೆ, ಬೇರೆ ಆಳು. ಮಂದೆಯಲ್ಲಿ ಮೊದಲು ಕರುಗಳ ಕೆಲಸ, ಆಮೇಲೆ ದೊಡ್ಡವು, ಕಾಯಿಲೆಯದು ಕಟ್ಟಕಡೆಗೆ. ಕಾಯಿಲೆಯದನ್ನು ಮುಟ್ಟಿದವನು ಅಂದು ಮತ್ತೆ ಕರುವಿನ ಹತ್ತಿರ ಸುಳಿಯುವಂತಿಲ್ಲ. ಸಗಣಿ ಎರಡು ಕಾಪು ಗುಂಡಿಯಲ್ಲಿ ಬಿಸಿಯಾಗಿ ಕಳಿತ ಮೇಲಷ್ಟೇ ಹೊಲಕ್ಕೆ ಹೋಗುತ್ತದೆ. ಪ್ರತಿ ಹಸುವಿನ ಕಿವಿಯಲ್ಲಿ ಕಿವಿಮಣಿ ಎಂಬ ಬಿಳಿಯ ಗುಂಡು ಇರುತ್ತದೆ. ಮೈ ಬಿಸಿಯಾದರೆ ಅದು ಕೆಂಪಾಗುತ್ತದೆ. ಆದರೂ ಬೆಳಗ್ಗೆ ಪ್ರತಿಯೊಂದರ ಬಾಯಿ ತೆರೆದು, ಗೊರಸು ಎತ್ತಿ ನೋಡುವುದನ್ನು ನಾವು ಬಿಟ್ಟಿಲ್ಲ, ಏಕೆಂದರೆ ಮಣಿಗೆ ಜ್ವರ ಗೊತ್ತಾಗುತ್ತದೆ, ದನ ಗೊತ್ತಾಗುವುದಿಲ್ಲ.

ಇಷ್ಟರ ಮೇಲೆ ಬಾಗಿಲ ಪುಸ್ತಕ. ಒಳಗೆ ಬರುವ ಪ್ರತಿಯೊಬ್ಬರ ಹೆಸರು, ಎಲ್ಲಿಂದ ಬಂದರು, ಅಲ್ಲಿ ದನ ಹೇಗಿದ್ದವು, ಏನು ತಂದರು ಎಂಬ ನಾಲ್ಕು ಮಾತು ಅದರಲ್ಲಿ ಬರೆಯಬೇಕು. ನಾಲ್ಕು ಮಾತು ಅಷ್ಟೆ. ಅದಕ್ಕೂ ಗೊಣಗುವವರಿದ್ದಾರೆ. ಒಬ್ಬ ಅಳಿಯ ಮಹಾಶಯ, ಮದುವೆಯಾದ ಮೊದಲ ವರ್ಷ, ಏನು ತಂದರು ಎಂಬಲ್ಲಿ ಹಸಿವು ಎಂದು ಬರೆದಿದ್ದ. ಅವನನ್ನು ಆರನೆಯ ದಿನವೂ ಹೊರಮನೆಯಲ್ಲೇ ಕೂರಿಸಿದೆ.

ಇದೆಲ್ಲ ಹುಚ್ಚಾಟ ಎನ್ನಬೇಡಿ. ನಿಮಗೂ ನಮಗೂ ನಡುವೆ ಬರಿದು ಎಂಬ ಕಾಲ ಬಂದು ಹೋಗಿದೆ. ಜೊಲ್ಲುಬೇನೆ, ನೀವು ಕಾಲುಬಾಯಿ ಜ್ವರ ಎನ್ನುತ್ತಿದ್ದಿರಿ, ವೇಷ ಬದಲಿಸಿ ಬದಲಿಸಿ ಬಂದು, ಹಾಕಿದ ಚುಚ್ಚುಮದ್ದನ್ನೆಲ್ಲ ದಾಟಿ, ಹದಿಮೂರು ವರ್ಷದಲ್ಲಿ ಈ ಸೀಮೆಯ ಕೊಟ್ಟಿಗೆಗಳನ್ನು ಖಾಲಿ ಮಾಡಿತು. ನಿಮ್ಮ ಅಮೃತಮಹಲ್ ತಳಿಯಲ್ಲಿ ಉಳಿದದ್ದು ಒಂದು ಮಂದೆ. ಅದರ ಮಕ್ಕಳು ಮೊಮ್ಮಕ್ಕಳೇ ಈಗ ಹನ್ನೊಂದು ಕಾವಲುಗಳಲ್ಲಿ ಇರುವುದು. ನಿಮ್ಮ ಹಳೆಯವರಲ್ಲಿ ಒಂದು ಪದ್ಧತಿಯಿತ್ತಂತೆ: ದನಕ್ಕೆ ಬೇನೆ ಬಂದಾಗ ಮಾರಿಯನ್ನು ಮರದ ಗೊಂಬೆಯಲ್ಲಿ ಕೂರಿಸಿ, ಬೇವಿನಸೊಪ್ಪು, ಹಳೇ ಮೊರದ ಸಮೇತ ಹೊತ್ತುಕೊಂಡು ಹೋಗಿ ಪಕ್ಕದೂರಿನ ಗಡಿಯಲ್ಲಿ ಇಟ್ಟು ಬರುವುದು. ಅವರು ಅದನ್ನು ತಮ್ಮ ಆಚೆಗಡಿಗೆ ಸಾಗಿಸುವುದು. ಬರಿದಿನ ಕಾಲದಲ್ಲಿ ಗೊಂಬೆ ಇರಲಿಲ್ಲ, ಆದರೆ ಜೊಲ್ಲು ಸುರಿಸುವ ಹಸುವನ್ನು ಯಾರಿಗೂ ಗೊತ್ತಾಗುವ ಮುಂಚೆ ಆಚೆ ಸಂತೆಗೆ ಅಟ್ಟಿ ಕೈ ತೊಳೆದುಕೊಂಡವರು ಬೇಕಾದಷ್ಟಿದ್ದರು. ಹನ್ನೊಂದು ಕಾವಲುಗಳು ಒಂದಾದಾಗ ಮೊದಲು ಬರೆದ ಕಟ್ಟಳೆಯೇ ಇದು: ಬೇನೆಯನ್ನು ಗಡಿ ದಾಟಿಸುವಂತಿಲ್ಲ, ಎಲ್ಲಿ ಕಂಡಿತೋ ಅಲ್ಲೇ ಹೇಳಬೇಕು, ಅಲ್ಲೇ ಮುಗಿಸಬೇಕು. ಇದನ್ನು ನಾನು ಬಾಯಿಪಾಠ ಒಪ್ಪಿಸಿ ಹೊಸ್ತಿಲಮ್ಮ ಆದವಳು.

ಈಗ ಕಣ್ಣಿಯ ವಿಷಯ. ಕಣ್ಣಿ ಎಂದರೆ ಕೊರಳಿಗೆ ಕಟ್ಟುವ ಗಿಡ್ಡ ಹಗ್ಗ, ನಿಮಗೂ ಗೊತ್ತಿದೆ. ಹೆಣ್ಣುಮಗಳು ಗಂಡನ ಮನೆಗೆ ಹೊರಟಾಗ, ಅವಳು ಯಾವ ಹಸುವಿನ ಹಾಲು ಕುಡಿದು ಬೆಳೆದಳೋ ಅದರ ಕೊರಳ ಕಣ್ಣಿಯನ್ನು ತಾಯಿ ಬಿಚ್ಚಿ ಮಗಳ ಕೈಗೆ ಕೊಡುತ್ತಾಳೆ. ಮಗಳು ಗಂಡನ ಕೊಟ್ಟಿಗೆಯಲ್ಲಿ ತನ್ನ ಪಾಲಿಗೆ ಬಂದ ಮೊದಲ ಕಡಸಿಗೆ ಅದನ್ನು ಕಟ್ಟುತ್ತಾಳೆ. ಬೇರೆ ಒಡವೆ ಏನೂ ಇರಲಿ ಬಿಡಲಿ, ಇದು ಇರಲೇಬೇಕು. ಕಾವಲಿನ ಬಾಗಿಲಿಗೆ ಬಂದರೆ ಈ ಕಣ್ಣಿಯೂ ಹಂಡೆಯಲ್ಲಿ ಬೇಯಬೇಕು. ಬೆಂದ ಹಗ್ಗಕ್ಕೆ ವಾಸನೆ ಇರುವುದಿಲ್ಲ. ಕೊರಳಿನ ಬೆವರು, ಹುಲ್ಲು, ಅವ್ವನ ಕೈ, ಎಲ್ಲ ಹೋಗಿ ಬರೀ ನಾರು ಉಳಿಯುತ್ತದೆ. ನಾನು ಇಪ್ಪತ್ತೆಂಟು ವರ್ಷದಲ್ಲಿ ನೂರಾರು ಮದುವಣಗಿತ್ತಿಯರ ಕಣ್ಣಿ ಬೇಯಿಸಿದ್ದೇನೆ. ಹಂಡೆಯ ಪಕ್ಕದಲ್ಲಿ ನಿಂತು ಅವರು ಬಿಕ್ಕಿ ಬಿಕ್ಕಿ ಅಳುವುದನ್ನು ನೋಡಿದ್ದೇನೆ. ಒಬ್ಬಳಿಗೂ ಬಿಟ್ಟುಕೊಟ್ಟಿಲ್ಲ. ನನ್ನ ಬೆನ್ನ ಹಿಂದೆ ಅವರು ನನ್ನನ್ನು ಹಂಡೆಮ್ಮ ಎನ್ನುತ್ತಿದ್ದರು. ನನಗೆ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಹತ್ತೊಂಬತ್ತು ವರ್ಷದ ಹಿಂದೆ, ನೂರ ತೊಂಬತ್ತರ ಆರನೆಯ ಕಾಪಿನಲ್ಲಿ, ನನ್ನ ಅವ್ವ ತೀರಿಕೊಂಡಳು. ನನ್ನ ತವರು ವೇದಾವತಿಯ ಆಚೆ ದಡ, ಹನ್ನೊಂದು ಕಾವಲುಗಳ ಹೊರಗೆ. ಹೋದೆ, ಮಣ್ಣು ಮಾಡಿದೆವು. ಹೊರಡುವ ದಿನ ಅಣ್ಣ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಗೌಜಲಿಯ ಕೊರಳಿನ ಕಣ್ಣಿ ಬಿಚ್ಚಿದ. ಗೌಜಲಿ ಅವ್ವ ಕಡೆಯವರೆಗೂ ಕರೆದ ಹಸು. ಆ ಕಣ್ಣಿಯನ್ನು ಅವ್ವನೇ ಹೊಸೆದದ್ದು. ಹೊಳೆದಂಡೆಯ ಕತ್ತಾಳೆ ನಾರು, ಮೂರು ಎಳೆ, ತುದಿಯಲ್ಲಿ ಅವಳಿಗೆ ಮಾತ್ರ ಬರುತ್ತಿದ್ದ ಒಂದು ಗಂಟು. ನಾನು ಕೆಲಸದವಳಲ್ಲವೇ, ಆ ದುಃಖದಲ್ಲೂ ಬಾಯಿ ತಪ್ಪಿ ಕೇಳಿದೆ, ದನ ಆರಾಮವೇ ಎಂದು. ಅಣ್ಣ, "ಹೋದ ತಿಂಗ್ಳು ಇದೊಂದು ವಸಿ ಜೊಲ್ಲು ಸುರಿಸ್ತಿತ್ತವ್ವ, ಈಗೇನಿಲ್ಲ, ಚೆಂದಾಗೈತೆ" ಎಂದ. ಅದು ನನ್ನ ಕಿವಿಗೆ ಸರಿಯಾಗಿ ಬಿತ್ತು. ಕೇಳಿಸಲಿಲ್ಲ ಎಂದು ಹೇಳಿಕೊಳ್ಳಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ, ಆಗಿಲ್ಲ.

ವಾಪಸು ಬಂದೆ. ತೊಟ್ಟಿಯಲ್ಲಿ ನಿಂತೆ, ಮಿಂದೆ, ಹೊರಮನೆಯಲ್ಲಿ ಐದು ದಿನ ಕೂತೆ, ಸೀರೆ ಕಂಬಳಿ ಹಂಡೆಗೆ ಹಾಕಿದೆ. ಕಣ್ಣಿಯನ್ನು ತುರುಬಿನೊಳಗೆ ಸುತ್ತಿಕೊಂಡಿದ್ದೆ. ಮೀಯುವಾಗ ಸೂರಿನ ಸಂದಿಯಲ್ಲಿಟ್ಟು ಮತ್ತೆ ಸುತ್ತಿಕೊಂಡೆ. ಆಗ ಹೊಸ್ತಿಲಮ್ಮನಿಗೆ ಹೊಸ್ತಿಲಮ್ಮನೇ ಸಾಕ್ಷಿ. ಬೇರೆ ಯಾರೂ ಅವಳನ್ನು ನೋಡುವ ಕ್ರಮ ಇರಲಿಲ್ಲ. ಅಂಥ ಕ್ರಮ ಬೇಕೆಂದು ಯಾರಿಗೂ ಹೊಳೆದೇ ಇರಲಿಲ್ಲ. ಪುಸ್ತಕ ತೆಗೆದು ನನ್ನ ಹೆಸರು ಬರೆದೆ. ತವರಿನಿಂದ. ದನ ಆರಾಮ. ತಂದದ್ದು ಏನೂ ಇಲ್ಲ. ಇದು ದನಕ್ಕೆ ಸಂಬಂಧಿಸಿದ ವಸ್ತು ಎಂದು ನನಗೆ ಅನಿಸಲೇ ಇಲ್ಲ, ಇದು ಅವ್ವ, ಅಷ್ಟೆ. ಬೇರೆಯವರ ಅವ್ವಂದಿರನ್ನು ಬೇಯಿಸಿದ ಹಂಡೆಗೆ ನನ್ನ ಅವ್ವನನ್ನು ಹಾಕಲಾರದೆ ಹೋದೆ. ಒಳಗೆ ಹೋದವಳೇ ನವಣೆಯ ಕೊರಳಿಗೆ ಅದನ್ನು ಕಟ್ಟಿದೆ. ನವಣೆ ನನ್ನ ಕಡಸು, ಎರಡು ವರ್ಷದ್ದು, ನವಣೆಯ ಬಣ್ಣದ ಮುಸುಡಿ, ತುಂಟಿ. ಅದು ಕುತ್ತಿಗೆ ತಿರುಗಿಸಿ ಕಣ್ಣಿಯ ತುದಿಯನ್ನು ಬಾಯಿಗೆ ಎಳೆದುಕೊಂಡು ನೆಕ್ಕಿತು. ನನಗೆ ಆಗ ಎಷ್ಟು ಖುಷಿಯಾಯಿತೆಂದರೆ ಅಲ್ಲೇ ಗೋದಲಿಗೆ ಒರಗಿ ಅತ್ತುಬಿಟ್ಟೆ.

ಎರಡು ದಿನ ಬಿಟ್ಟು ಗೊರಸಿನ ಓಬಯ್ಯ ಒಳಗೆ ಬಂದ. ಓಬಯ್ಯ ಹನ್ನೊಂದು ಕಾವಲುಗಳಲ್ಲೂ ತಿರುಗಿ ದನದ ಗೊರಸು ಸವರುವವನು. ಬೆಳೆದ ಗೊರಸು ಕತ್ತರಿಸಿ, ಹುಣ್ಣಿದ್ದರೆ ಕೆತ್ತಿ ಮದ್ದು ತುಂಬುವವನು. ಅವನಷ್ಟು ಶಿಸ್ತಿನ ಮನುಷ್ಯನನ್ನು ನಾನು ಕಂಡಿಲ್ಲ. ಐದು ದಿನ ಹೊರಮನೆಯಲ್ಲಿ ಕೂರುವಾಗ ಬೇರೆಯವರು ಬೈಯುತ್ತಾರೆ, ಅವನು ತನ್ನ ಬಾಚಿ, ಕತ್ತಿ, ಅರಗಳನ್ನು ಸಾಲಾಗಿ ಜೋಡಿಸಿ ಒರೆಸುತ್ತಾ ಕೂರುತ್ತಿದ್ದ. ಅವನ್ನು ಹಂಡೆಗೆ ಹಾಕಿ, ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಐನೂರರವರೆಗೆ ಗಟ್ಟಿಯಾಗಿ ಎಣಿಸುತ್ತಿದ್ದ. ಅಂದೂ ಎಣಿಸಿದ. ನಾನು ಪಕ್ಕದಲ್ಲೇ ನಿಂತಿದ್ದೆ, ನನ್ನ ಕಿವಿಯಾರೆ ಐನೂರು ಕೇಳಿದ್ದೇನೆ. ನನ್ನ ಕಡಸಿನ ಗೊರಸು ಮೊದಲು ನೋಡು ಎಂದು ಹೊಸ್ತಿಲಮ್ಮನ ಗತ್ತಿನಲ್ಲಿ ಹೇಳಿದೆ. ಅವನು ನವಣೆಯಿಂದಲೇ ಆರಂಭಿಸಿ ಅಂದು ನಲವತ್ತು ದನ ಮುಗಿಸಿ ಹೋದ.

ಅದಾದ ಮೂರನೆಯ ಬೆಳಗ್ಗೆ ನವಣೆಯ ಕಿವಿಮಣಿ ಕೆಂಪಾಗಿತ್ತು. ಬಾಯಿ ತೆರೆದು ನೋಡಿದರೆ ನಾಲಗೆಯ ಮೇಲೆ ಗುಳ್ಳೆ, ದಾರದಂತೆ ಜೊಲ್ಲು. ಕೊರಳಲ್ಲಿ ಅವ್ವನ ಕಣ್ಣಿ. ಅದರ ತುದಿ ಅಗಿದು ಅಗಿದು ನಾರುನಾರಾಗಿ ಒದ್ದೆಯಾಗಿತ್ತು. ಆ ಕ್ಷಣವೇ ನನಗೆ ಎಲ್ಲ ಗೊತ್ತಾಯಿತು. ಗುಮಾನಿ ಅಲ್ಲ, ಗೊತ್ತಾಯಿತು. ಕಣ್ಣಿ ಬಿಚ್ಚಿದೆ, ಹಂಡೆಯ ಒಲೆಗೆ ಹಾಕಿದೆ, ಅದು ಪೂರ್ತಿ ಬೂದಿಯಾಗುವವರೆಗೆ ನಿಂತು ನೋಡಿದೆ. ಆಮೇಲೆ ಹೋಗಿ ಬೇನೆಯ ಗಂಟೆ ಬಾರಿಸಿದೆ. ಗಂಟೆ ಬಾರಿಸುವುದರಲ್ಲಿ ನಾನು ತಡ ಮಾಡಲಿಲ್ಲ ಎಂದು ಆಮೇಲೆ ಎಲ್ಲರೂ ನನ್ನನ್ನು ಹೊಗಳಿದರು.

ನಮ್ಮ ಮಂದೆಯಲ್ಲಿ ಆಗ ಮುನ್ನೂರ ಹನ್ನೆರಡು ದನ. ಇಪ್ಪತ್ತೇಳು ಕರುಗಳು ನಿಂತ ನಿಂತಲ್ಲೇ ಎದೆ ಒಡೆದು ಬಿದ್ದವು. ಈ ಬೇನೆ ಕರುವಿನ ಹೃದಯಕ್ಕೇ ಹೋಗುತ್ತದೆ. ಕಟ್ಟಳೆಯ ಪ್ರಕಾರ, ಬೇನೆ ಕಂಡ ಕೊಟ್ಟಿಗೆಗಳ ನೂರ ನಲವತ್ತು ದನಗಳನ್ನು ನಾವೇ ಮುಗಿಸಬೇಕಾಯಿತು. ಅವುಗಳನ್ನು ಸಾಕಿದವರೇ ತಲೆ ಹಿಡಿದುಕೊಂಡರು, ಏಕೆಂದರೆ ಗುರುತಿನ ಕೈಯಲ್ಲಿ ದನ ಹೆದರುವುದಿಲ್ಲ. ನವಣೆಯ ತಲೆ ನಾನು ಹಿಡಿದೆ. ಸುಣ್ಣದ ಗುಂಡಿ ಮುಚ್ಚುವ ಹೊತ್ತಿಗೆ ನಮ್ಮ ಯಜಮಾನರು, ಬದುಕಿನಲ್ಲಿ ಒಂದು ದಿನವೂ ಅತ್ತವರಲ್ಲ, ಗುಂಡಿಯ ಅಂಚಿನಲ್ಲಿ ಕೂತು ಒಂದೊಂದರ ಹೆಸರು ಹಿಡಿದು ಕರೆಯುತ್ತಿದ್ದರು. ಆ ದಿನದ ಬಗ್ಗೆ ಇನ್ನು ನನ್ನಿಂದ ಬರೆಯಲು ಆಗುವುದಿಲ್ಲ.

ಮಿಕ್ಕ ಕಾವಲುಗಳಿಂದ ಹತ್ತು ಜನ ಹಿರಿಯರು ನೂರಡಿಯಲ್ಲಿ ಕೂತು ವಿಚಾರಣೆ ಮಾಡಿದರು. ಪುಸ್ತಕ ತೆರೆದರು. ಆ ಹತ್ತು ದಿನದಲ್ಲಿ ಒಳಗೆ ಬಂದವರು ಇಬ್ಬರೇ. ಒಬ್ಬಳು ಹೊಸ್ತಿಲಮ್ಮ, ತಂದದ್ದು ಏನೂ ಇಲ್ಲ. ಇನ್ನೊಬ್ಬ ಓಬಯ್ಯ, ತಂದದ್ದು ಬಾಚಿ ಒಂದು, ಕತ್ತಿ ಎರಡು, ಅರ ಮೂರು. ಮೊದಲು ಮಲಗಿದ ಕಡಸನ್ನು ಮೊದಲು ಮುಟ್ಟಿದವನೂ ಅವನೇ. ಓಬಯ್ಯ ಹಿರಿಯರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿ, "ನಾನು ಐನೂರು ಎಣಿಸ್ದೆ ಕಣಮ್ಮ. ನೀನೇ ನಿಂತು ನೋಡಿದ್ಯಲ್ಲ, ಹೇಳವ್ವ" ಎಂದ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು, "ಕುದಿಸಿದ್ದು ನೋಡ್ದೆ, ಎಷ್ಟೊತ್ತು ಕುದೀತು ಅಂತ ನಾ ಹೇಳಕ್ಕಾಗಲ್ಲ" ಎಂದೆ. ಅಷ್ಟೆ. ಅದಕ್ಕಿಂತ ಹೆಚ್ಚಿನ ಸುಳ್ಳಿನ ಅಗತ್ಯ ಬೀಳಲಿಲ್ಲ.

ಹನ್ನೊಂದು ಕಾವಲುಗಳೂ ಅವನಿಗೆ ಬಾಗಿಲು ಮುಚ್ಚಿದವು. ಅದಕ್ಕೆ ಹೊರಗು ಎನ್ನುತ್ತೇವೆ. ಬದುಕಿರುವತನಕ ಒಂದು ದನವನ್ನೂ ಮುಟ್ಟುವಂತಿಲ್ಲ. ನಾನು ಹೇಳಿಕೊಂಡ ಸಮಾಧಾನ ಏನು ಗೊತ್ತೇ? ಹೊಸ್ತಿಲಮ್ಮನೇ ಕಳ್ಳಿ ಎಂದು ಗೊತ್ತಾದರೆ ಜನಕ್ಕೆ ಬಾಗಿಲಿನ ಮೇಲೇ ನಂಬಿಕೆ ಹೋಗುತ್ತದೆ, ಹನ್ನೊಂದು ಕಾವಲುಗಳ ಒಪ್ಪಂದ ಮುರಿಯುತ್ತದೆ, ತಳಿ ಹೋಗುತ್ತದೆ. ಆದ್ದರಿಂದ ನಾನು ಸುಮ್ಮನಿರುವುದು ದನಗಳಿಗಾಗಿ. ಈ ಮಾತನ್ನು ಹತ್ತೊಂಬತ್ತು ವರ್ಷ ನನಗೆ ನಾನೇ ಹೇಳಿದ್ದೇನೆ. ಇದು ಶುದ್ಧ ಸುಳ್ಳು. ನಾನು ಹೆದರಿದ್ದೆ. ಮಾರಿಯನ್ನು ಗೊಂಬೆಯಲ್ಲಿ ಕೂರಿಸಿ ಗಡಿಯಾಚೆ ಬಿಟ್ಟುಬಂದ ನಿಮ್ಮ ಹಳೆಯವರನ್ನು ನಾವು ಮಕ್ಕಳಿಗೆ ಪಾಠ ಹೇಳುವಾಗ ಆಡಿಕೊಂಡು ನಗುತ್ತೇವೆ. ನಾವು ಓಬಯ್ಯನಲ್ಲಿ ಕೂರಿಸಿ ಬಿಟ್ಟುಬಂದೆವು. ಹೊತ್ತುಕೊಂಡು ಹೋದವಳು ನಾನು. ಗೊಂಬೆಗಾದರೂ ನಾಲ್ಕು ಬೇವಿನೆಲೆ ಸುತ್ತುತ್ತಿದ್ದರಂತೆ.

ಆಮೇಲೆ ನಾನು ಇನ್ನೂ ಕಟ್ಟುನಿಟ್ಟಾದೆ. ಹೊಸ್ತಿಲಮ್ಮ ಹೊರಗೆ ಹೋಗಿ ಬಂದರೆ ಇಬ್ಬರು ನಿಂತು ಅವಳ ಜಡೆ ಬಿಚ್ಚಿಸಿ ನೋಡಬೇಕು, ಪುಸ್ತಕವನ್ನು ಅವಳ ಬದಲು ಬೇರೆಯವರು ಬರೆಯಬೇಕು ಎಂಬ ಕಟ್ಟಳೆ ತಂದವಳು ನಾನೇ. ಯಾಕೆ ಎಂದು ಯಾರೂ ಕೇಳಲಿಲ್ಲ. ತನ್ನ ಮೇಲೆ ತಾನೇ ಕಾವಲು ಹಾಕಿಕೊಂಡ ಮಹಾತಾಯಿ ಎಂದು ಹನ್ನೊಂದು ಕಾವಲುಗಳೂ ನನಗೆ ಶಾಲು ಹೊದಿಸಿದವು. ಹೊದ್ದುಕೊಂಡೆ. ಈಗಲೂ ಪೆಟ್ಟಿಗೆಯಲ್ಲಿದೆ.

ಓಬಯ್ಯ ದೂರ ಹೋಗಲಿಲ್ಲ. ಹೊರಬಾಗಿಲಿನಾಚೆ ಜಾಲಿಮರದ ಕೆಳಗೆ ಒಂದು ಗುಡಿಸಲು ಹಾಕಿಕೊಂಡ. ಅಲ್ಲಿಗೆ ನಮ್ಮ ಮಂದೆ ಮೇಯಲು ಹೊರಡುವುದು ಕಾಣುತ್ತದೆ. ಪ್ರತಿ ಬೆಳಗ್ಗೆ ಬೇಲಿಯಾಚೆ ನಿಂತು ದನ ನಡೆಯುವುದನ್ನು ನೋಡುತ್ತಾನೆ, ಅಲ್ಲಿಂದಲೇ ಕೂಗುತ್ತಾನೆ. "ಏಯ್, ಆ ಮೋಟುಬಾಲದ್ದರ ಎಡಗಾಲು ನೋಡ್ರೋ, ಒಳಗೆ ಕೀವು ಕಟ್ಟೈತೆ." ಮೊದಮೊದಲು ನಮ್ಮವರು ಕಲ್ಲು ಬೀಸಿದರು. ಆಮೇಲೆ ಗೊರಸು ಎತ್ತಿ ನೋಡಿದರು, ಕೀವು ಇತ್ತು. ಹತ್ತೊಂಬತ್ತು ವರ್ಷದಲ್ಲಿ ಅವನು ಕೂಗಿದ್ದು ತಪ್ಪಾದದ್ದನ್ನು ನಾನು ಕಾಣೆ. ಈಗ ಅವನ ಕಣ್ಣಿಗೆ ಪೊರೆ ಬಂದಿದೆ. ಆದರೂ ಬಂದು ನಿಲ್ಲುತ್ತಾನೆ, ಒಳಬೇಲಿಯ ಪಕ್ಕದ ಕಲ್ಲುಹಾಸಿನ ಮೇಲೆ ಗೊರಸಿನ ಸದ್ದು ಕೇಳಿ ಹೇಳುತ್ತಾನೆ. ಇವತ್ತೂ, ಇದನ್ನು ಬರೆಯುತ್ತಾ ಕೂತಾಗ, "ಈಗ ಹೋಯ್ತಲ್ಲ ಮೂರನೇದು, ಅದು ಕುಂಟ್ತೈತೆ" ಎಂದು ಕೂಗಿದ. ಎಪ್ಪತ್ತಾರು ವರ್ಷ ಅವನಿಗೆ. ಕೂಗಿದ ಮೇಲೆ ಬಹಳ ಹೊತ್ತು ಕೆಮ್ಮಿದ.

ಹನ್ನೊಂದು ವರ್ಷದ ಹಿಂದೆ ಒಮ್ಮೆ ನಾನೇ ನೂರಡಿ ದಾಟಿ ಹೋಗಿ ಅವನಿಗೆ ಒಂದು ಚೊಂಬು ಹಾಲು ಕೊಟ್ಟೆ. ಹೊರಗಿನವರಿಗೆ ಹಾಲು ಕೊಡಬಹುದು, ಚೊಂಬು ಮಾತ್ರ ಒಳಗೆ ತರುವಂತಿಲ್ಲ. ಅವನು ನಿಂತುಕೊಂಡೇ ಕುಡಿದ. ಬಾಯಿ ಒರೆಸಿಕೊಂಡು, ನನ್ನ ಮುಖ ನೋಡದೆ, "ಆ ಕಣ್ಣಿ ಬಲೇ ಚೆನ್ನಾಗ್ ಹೊಸೆದಿದ್ರು ಕಣಮ್ಮ. ನಿಮ್ಮವ್ವುಂದಾ?" ಎಂದ. ಅವನು ನವಣೆಯ ಕಾಲು ಹಿಡಿದ ದಿನವೇ ಆ ಕತ್ತಾಳೆ ನಾರನ್ನೂ, ಈ ಸೀಮೆಯದಲ್ಲದ ಆ ಗಂಟನ್ನೂ ನೋಡಿದ್ದಾನೆ. ಎಲ್ಲ ಗೊತ್ತಿದ್ದೇ ನೂರಡಿಯಲ್ಲಿ ನನ್ನ ಕಡೆ ತಿರುಗಿ, ಹೇಳವ್ವ ಎಂದಿದ್ದಾನೆ. ನನಗೆ ಹೇಳಲು ಒಂದು ಅವಕಾಶ ಕೊಟ್ಟಿದ್ದಾನೆ. ಅವನೇ ಯಾಕೆ ಹೇಳಲಿಲ್ಲವೋ ನನಗೆ ಇಂದಿಗೂ ತಿಳಿಯದು. ಹಿರಿಯರು ನಂಬುವುದಿಲ್ಲ ಎಂದುಕೊಂಡನೋ, ಅವ್ವನನ್ನು ಕಳೆದುಕೊಂಡು ಬಂದವಳು ಎಂದು ಕನಿಕರಪಟ್ಟನೋ. ಕೇಳುವ ಮುಖ ನನಗಿರಲಿಲ್ಲ. ಹೂಂ ಎಂದಷ್ಟೇ ಹೇಳಿ, ಚೊಂಬು ಅಲ್ಲೇ ಬಿಟ್ಟು ಬಂದೆ. ಬಂದವಳು ಅಂದೇ ಎಲ್ಲರೆದುರು ಬಾಯಿಬಿಟ್ಟೆ ಎಂದು ನೀವು ಎಣಿಸಬಹುದು. ಇಲ್ಲ. ಇನ್ನೂ ಹನ್ನೊಂದು ವರ್ಷ ಸುಮ್ಮನಿದ್ದೆ. ನನ್ನ ಬಗ್ಗೆ ನನಗೆ ಹೇಸಿಗೆಯಾಗುವುದು ಆ ಕಣ್ಣಿಗಿಂತ ಹೆಚ್ಚಾಗಿ ಈ ಹನ್ನೊಂದು ವರ್ಷಕ್ಕೆ.

ಹಿಂದಿನವರೇ, ನೀವು ಇದನ್ನು ಓದಲಾರಿರಿ ಎಂದು ನನಗೆ ಗೊತ್ತು. ಕಲ್ಲಿನ ಕೆಳಗೆ ಹೂತ ಕಾಗದ ಕಾಲದಲ್ಲಿ ಹಿಂದಕ್ಕೆ ನಡೆಯುವುದಿಲ್ಲ, ಅಷ್ಟು ಮರುಳು ನಮಗಿಲ್ಲ. ಒಂದು ವೇಳೆ ಹೇಗೋ ತಲುಪಿದರೆ ಇಷ್ಟು ಮಾಡಿ. ನಿಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಒಂದು ತೊಟ್ಟಿ ನೀರಿಡಿ, ಹೊಸ ಹಸುವನ್ನು ಇಪ್ಪತ್ತೊಂದು ದಿನ ದೂರ ಕಟ್ಟಿ, ಬೇನೆ ಕಂಡರೆ ಪಕ್ಕದವರಿಗೆ ಮೊದಲು ಹೇಳಿ. ಇವು ಯಾರು ಬೇಕಾದರೂ ಹೇಳುವ ಮಾತು, ನಿಮಗೂ ಗೊತ್ತಿರುವವೇ. ನಾನೊಬ್ಬಳೇ ಹೇಳಬಲ್ಲದ್ದು ಇದು: ಬೇನೆ ಬಂದ ದಿನ ಹೊರಗಿನಿಂದ ಬಂದವರು ಯಾರು ಎಂದು ಹುಡುಕುವ ಮೊದಲು, ನೀವು ಅಕ್ಕರೆಯಿಂದ ಒಳಗೆ ತಂದದ್ದು ಏನು ಎಂದು ನೋಡಿಕೊಳ್ಳಿ. ಪ್ರೀತಿಯ ವಸ್ತುವನ್ನು ಯಾರೂ ಬೇಯಿಸುವುದಿಲ್ಲ. ಬೇನೆ ಬರುವ ದಾರಿ ಅದೇ.

ಈರಕ್ಕ, ಇಲ್ಲಿಯವರೆಗೆ ಓದಿದ್ದೀಯ. ನಿಲ್ಲಿಸಬೇಡ. ಬಾಗಿಲು ಸುಳ್ಳಾಗುತ್ತದೆ ಎಂದು ಹೆದರಬೇಡ. ಕಳ್ಳಿಯನ್ನು ಹೊರಗೆ ಹಾಕಿದ ಬಾಗಿಲು ಮೊದಲಿಗಿಂತ ಗಟ್ಟಿಯಾಗುತ್ತದೆ. ಹಿರಿಯರಿಗೆ ಹೇಳು, ಹೊರಗು ನನಗೆ ಸಲ್ಲಬೇಕಾದದ್ದು, ನಾನೇ ಹೊರಟಿದ್ದೇನೆ. ಜಾಲಿಮರದ ಕೆಳಗಿನ ಗುಡಿಸಲು ನಾಳೆ ಖಾಲಿಯಾಗುತ್ತದೆ, ನನಗೆ ಅದು ಸಾಕು. ಶಾಲು ಪೆಟ್ಟಿಗೆಯಲ್ಲೇ ಇರಲಿ.

ಓಬಯ್ಯನನ್ನು ಹೊರಬಾಗಿಲಿಗೆ ಕರೆ. ಕಣ್ಣು ಮಂಜು, ಕೈ ಹಿಡಿದು ತೊಟ್ಟಿಗೆ ಇಳಿಸು. ಕಟ್ಟಳೆ ಕಟ್ಟಳೆಯೇ, ಐದು ದಿನ ಹೊರಮನೆಯಲ್ಲಿ ಅವನೂ ಕೂರಬೇಕು, ಅವನು ಬೇಸರಪಡುವುದಿಲ್ಲ. ಬಾಚಿ ಕತ್ತಿಗಳನ್ನು ಈಗಲೂ ಎಣ್ಣೆ ಹಚ್ಚಿ ಇಟ್ಟುಕೊಂಡಿದ್ದಾನೆ. ಹಂಡೆಗೆ ಹಾಕಿಸು. ಅವನು ಎಣಿಸುವಾಗ ಊರೆಲ್ಲ ಸುತ್ತ ನಿಂತು ಕೇಳಲಿ, ಒಂದರಿಂದ ಐನೂರರವರೆಗೆ, ಒಂದು ಅಂಕಿಯನ್ನೂ ಬಿಡದೆ. ಆಮೇಲೆ ಇವತ್ತು ಕುಂಟುತ್ತಿದ್ದ ಆ ಮೂರನೆಯ ಹಸುವನ್ನು ಅವನ ಮುಂದೆ ತಂದು ನಿಲ್ಲಿಸು.

ಅದಕ್ಕೂ ಮೊದಲು ಒಂದು ಕೆಲಸ. ನೂರ ತೊಂಬತ್ತನೆಯ ವರ್ಷದ ಪುಸ್ತಕ ತೆಗೆ. ಆರನೆಯ ಕಾಪು, ಹದಿನಾರನೆಯ ದಿನ. ನಾನು ಬರೆದದ್ದನ್ನು ಹೊಡೆದುಹಾಕಿ, ನಿನ್ನ ಕೈಯಿಂದ ಹೀಗೆ ಬರೆ.

ಹೆಸರು: ಚಿತ್ತಮ್ಮ. ಎಲ್ಲಿಂದ: ತವರಿನಿಂದ. ಅಲ್ಲಿನ ದನ: ಒಂದು ಹಸು ಜೊಲ್ಲು ಸುರಿಸಿತ್ತು, ಕೇಳಿ ತಿಳಿದಿದ್ದಳು. ತಂದದ್ದು: ಕಣ್ಣಿ ಒಂದು, ಬೇಯಿಸಲಿಲ್ಲ.